ಎಡಗಡೆಯ ಪೆಡಲು

ಈ ಮಧ್ಯಾಹ್ನ ಚಿಮಣಿ ಎಣ್ಣೆಯಲ್ಲಿ ಪೆಡಲಿನ ಉಕ್ಕಿನ ಗುಂಡುಗಳನ್ನು ತೊಳೆಯುತ್ತ ಕೂತಿದ್ದೇನೆ. ಹಳೆಯ ಗ್ರೀಸು ಕರಗುವ ವಾಸನೆ ನಿಮಗೆ ಗೊತ್ತಿಲ್ಲವೆಂದರೆ, ನಿಮ್ಮ ಮನೆಯಲ್ಲಿ ಸೈಕಲ್ ಇಲ್ಲ, ಇಲ್ಲವೇ ಅದನ್ನು ಬೇರೆ ಯಾರೋ ದುರಸ್ತಿ ಮಾಡುತ್ತಾರೆ. ಮೂರನೆಯದು ಸಾಧ್ಯವಿಲ್ಲ. ಹೀಗೆ ವಾದ ಹೂಡುವುದು ನನ್ನ ಹಳೆಯ ಚಟ.

ಐದು ವರ್ಷದ ಹಿಂದೆ ಈ ಚಟ ಇನ್ನೂ ಜೋರಾಗಿತ್ತು. ಕಾಲೇಜಿನ ಚರ್ಚಾಕೂಟದಲ್ಲಿ ಗೆದ್ದ ಬೆಳ್ಳಿಯ ಬಿಲ್ಲೆಯನ್ನು ಕಿಸೆಯಲ್ಲಿಟ್ಟುಕೊಂಡು ದಸರೆಯ ರಜೆಗೆ ಗೋಕಾಕಕ್ಕೆ ಬಂದಿದ್ದೆ. ಮನೆಯಲ್ಲಿದ್ದವರು ಅಜ್ಜಿ ಮತ್ತು ಕಾಕಾ. ಕಾಕಾನ ಹೆಂಡತಿ, ನನ್ನ ಕಾಕು, ಬಾಣಂತನಕ್ಕೆ ತವರೂರು ಅಂಕಲಗಿಗೆ ಹೋಗಿದ್ದಳು. ದಸರೆಯ ದಿನ ಅಲ್ಲಿ ಕೂಸಿಗೆ ಹೆಸರಿಡುವುದಿತ್ತು. ಕಾಕಾ ಇನ್ನೂ ಮಗಳ ಮುಖ ಕಂಡಿರಲಿಲ್ಲ. ನಸುಕಿನಲ್ಲಿ ಸೈಕಲ್ ಹತ್ತಿ ಹೊರಡುವವನಿದ್ದ. ಎಡಗಡೆಯ ಪೆಡಲು ಮಾತ್ರ ಸವೆದು ಕಿರ್ರೆನ್ನುತ್ತಿತ್ತು.

ಹಿಂದಿನ ದಿನ ಖಂಡೇಪೂಜೆ. ಕುಡುಗೋಲು, ಸುತ್ತಿಗೆ, ನಟ್ಟು ಬಿಚ್ಚುವ ಪಾನಾ, ಎಲ್ಲವೂ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿದ್ದವು. ಕೂತ ಹತ್ಯಾರವನ್ನು ಆ ದಿನ ಮುಟ್ಟುವಂತಿಲ್ಲ.

"ಕಿರ್ ಅಂದ್ರ ಅನ್ಲಿ, ಅಂಕಲಗಿ ಮುಟ್ಟಸ್ತೈತಿ," ಎಂದ ಕಾಕಾ.

"ಇವತ್ತ ಹಬ್ಬ ಅಂತ ಕಬ್ಬಿಣಕ್ಕ ಹೆಂಗ ಗೊತ್ತಾಗ್ತೈತಿ ಕಾಕಾ?" ಎಂದೆ.

"ಹಬ್ಬ ಇಲ್ಲಂದ್ರ ಹೋಳಿಗಿ ಯಾಕ ತಿಂದಿ?" ಎಂದಳು ಅಜ್ಜಿ.

ಚರ್ಚಾಕೂಟದಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇಬ್ಬರೂ ಉಂಡು ಅಡ್ಡಾದ ಮೇಲೆ ಪಾನಾ ಎತ್ತಿಕೊಂಡು ಹಿತ್ತಲಿಗೆ ನಡೆದೆ. ಲೋಕದ ತಿರುಪೆಲ್ಲ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಇದು ಬಿಚ್ಚಲಿಲ್ಲ. ಪಾನಾದ ತುದಿಗೆ ಕೊಳವೆ ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿದೆ. ಟಕ್ಕೆಂದಿತು. ತಿರುಪಿನ ಹಲ್ಲುಗಳನ್ನೆಲ್ಲ ಪುಡಿಮಾಡಿಕೊಂಡು ಪೆಡಲು ಕೈಗೆ ಬಂತು.

ಸದ್ದಿಗೆ ಎದ್ದುಬಂದ ಕಾಕಾ ಪೆಡಲನ್ನೂ ನನ್ನನ್ನೂ ನೋಡಿದ. "ಎಡಗಡೀದು ಉಲ್ಟಾ ಇರ್ತೈತೋ ತಮ್ಮಾ. ಬಲಕ್ಕ ತಿರುವಿದ್ರ ಬಿಚ್ಚತೈತಿ. ಒಂದ ಮಾತ ಕೇಳಬಾರದಿತ್ತ?"

ಬಿಚ್ಚುತ್ತಿದ್ದೇನೆ ಎಂದುಕೊಂಡಷ್ಟು ಹೊತ್ತೂ ನಾನು ಬಿಗಿಯುತ್ತಿದ್ದೆ. ರಿಪೇರಿ ಅಂಗಡಿಯವರ ಪಾನಾಗಳೂ ಪೂಜೆಗೆ ಕೂತಿದ್ದವು.

"ದೇವಿಗೆ ಸಿಟ್ಟ ಬಂತು ನೋಡು," ಎಂದಳು ಅಜ್ಜಿ. "ಒಂದ ಕಾಯಿ ಒಡದು ತಪ್ಪಾತು ಅನ್ನು, ಮುಗೀತು."

ನನ್ನ ಸಂಕಟ ನೋಡಿ. ದೇವಿಯ ಸಿಟ್ಟನ್ನು ಒಪ್ಪಿದರೆ ಒಂದು ತೆಂಗಿನಕಾಯಿಗೆ ನಾನು ಪಾರು. ಒಪ್ಪದಿದ್ದರೆ ಕೆಡಿಸಿದವರು ಬೇರೆ ಯಾರೂ ಉಳಿಯುವುದಿಲ್ಲ. ನನ್ನ ವಾದ ಉಳಿಯಬೇಕಾದರೆ ನಾನು ದಡ್ಡನಾಗಬೇಕಿತ್ತು.

"ದೇವಿ ಅಲ್ಲ ಅಜ್ಜಿ. ನಾನs ಕೆಡಿಸಿದ್ದು. ನನಗ ಗೊತ್ತಿರಲಿಲ್ಲ."

ಕಾಕಾ ನಗಲಿಲ್ಲ. "ದೇವಿ ಕೆಡಿಸಿದ್ರ ಆಕಿನ್ನ ಕೇಳತಿದ್ದೆ. ನೀ ಕೆಡಿಸಿದಿ ಅಂದಮ್ಯಾಲ ನೀ ನಡಿ ನನ್ನ ಜೋಡಿ."

ನಸುಕಿನಲ್ಲೇ ಹೊರಟೆವು. ಸಪಾಟು ದಾರಿಯಲ್ಲಿ ಕಾಕಾ ಎಡಗಾಲು ಜೋತುಬಿಟ್ಟು ಬಲಗಾಲೊಂದರಿಂದಲೇ ತುಳಿದ; ಏರು ಬಂದಲ್ಲಿ ನಾನು ಹಿಂದಿನಿಂದ ನೂಕಿದೆ. ಅಂಕಲಗಿ ಮುಟ್ಟಿದಾಗ ಹೊತ್ತು ನೆತ್ತಿ ದಾಟಿತ್ತು. ತೊಟ್ಟಿಲು ತೂಗಿ, ಕೂಸಿನ ಕಿವಿಯಲ್ಲಿ ಹೆಸರು ಹೇಳಿ, ಬಂದವರು ಉಂಡು ಎದ್ದಾಗಿತ್ತು.

ಕಾಕಾ ಹೊಸ್ತಿಲಲ್ಲಿ ನಿಂತು, ಬೀಗರ ಮನೆಗೆ ಬಂದ ಪರಸ್ಥಳದವನಂತೆ ಕೇಳಿದ: "ಏನ್ ಹೆಸರ ಇಟ್ರಿ?"

"ನೀಲವ್ವ ಅಂತ," ಎಂದು ಕಾಕು ಮುಖ ತಿರುಗಿಸಿದಳು. "ಇಷ್ಟೊತ್ತ ಎಲ್ಲಿದ್ರಿ?"

"ಪೆಡಲು ಹಳೇದಾಗಿತ್ತು," ಎಂದ ಕಾಕಾ. ನನ್ನ ಕಡೆ ನೋಡಲೂ ಇಲ್ಲ.

ಮತ್ತೊಮ್ಮೆ ಪಾರಾಗುವ ದಾರಿ. "ಹಳೇದಾಗಿದ್ದಿಲ್ಲ ಕಾಕು, ನಾ ಕೆಡಿಸಿದೆ," ಎಂದೆ. ಆಕೆ ಕಾಕಾನ ಕೈಗೆ ಕೂಸನ್ನು ಕೊಟ್ಟಳು.

ಇವತ್ತು ಅಷ್ಟಮಿ. ನಾಡಿದ್ದು ಕಾಕಾ ಮಗಳನ್ನು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂರಿಸಿಕೊಂಡು ಅಂಕಲಗಿಗೆ ಹೋಗಬೇಕು. ಪಾನಾ ಬದಿಗಿಟ್ಟು ಎಡಗಡೆಯ ಪೆಡಲನ್ನು ಬೆರಳಿನಿಂದಲೇ ಎಡಕ್ಕೆ ತಿರುಗಿಸಿ ಕೂರಿಸುತ್ತಿದ್ದೇನೆ. ಮೂರು ಸುತ್ತು ಸಲೀಸಾಗಿ ಒಳಗೆ ಹೋಯಿತು.

"ಲಗೂ ಮುಗಸು, ನಾಳಿ ಪಾನಾ ಪೂಜಿಗಿಡಬೇಕು!" ಒಳಗಿನಿಂದ ಅಜ್ಜಿ ಕೂಗುತ್ತಾಳೆ. "ದೇವಿಗೆ ಹೆದರಿ ಇವತ್ತs ಮಾಡಾಕತ್ತಿಯಿಲ್ಲ?"

"ಆಕಿಗೆ ಹೆದರಿ ಅಲ್ಲ ಅಜ್ಜಿ, ನನ್ನ ಕೈಗೆ ಹೆದರಿ," ಎನ್ನುತ್ತೇನೆ. ಪೆಡಲು ಇನ್ನೊಂದು ಸುತ್ತು ಎಡಕ್ಕೆ ತಿರುಗುತ್ತದೆ.