ಮಾಟಗಾತಿಗೆ ಮುಖ ಕೊಟ್ಟ ಅತ್ತೆ

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಈಕೆಗೆ ಮದುವೆಯಾದ ಹೊಸದರಲ್ಲಿ ಸಿಕ್ಕಿದ ಮೊದಲ ದೊಡ್ಡ ಕೆಲಸ, ಎಲ್ಲರೂ ಬಲ್ಲ ಹಳೆಯ ಕಥೆಯೊಂದರದು. ಕಾಡಿನಲ್ಲಿ ದಾರಿ ತಪ್ಪಿದ ಅಣ್ಣ ತಂಗಿ, ಅವರನ್ನು ಗುಡಿಸಲಿಗೆ ಕರೆದು ಕೂಡಿಹಾಕುವ ಮಾಟಗಾತಿ ಮುದುಕಿ. ಮರಗಳು ಬಂದವು, ಮಕ್ಕಳು ಬಂದರು, ಗುಡಿಸಲೂ ಬಂತು. ಮಾಟಗಾತಿ ಮಾತ್ರ ಏನು ಮಾಡಿದರೂ ಕೈಗೆ ಸಿಗಲಿಲ್ಲ. ಸಂಪಾದಕರು ಹಾಳೆ ತಿರುವಿ, “ಇವಳನ್ನ ನೋಡಿ ಮಕ್ಕಳು ಹೆದರೋದಿರಲಿ, ಹೋಮ್‌ವರ್ಕ್ ತೋರಿಸ್ತಾವೆ ಕಣಮ್ಮ” ಎಂದು ನಗುತ್ತಲೇ ವಾಪಸು ಕೊಟ್ಟರು.

ಅವಳ ಮೇಜು ಇದ್ದದ್ದು ಕಿಟಕಿಯ ಪಕ್ಕ, ಅಡುಗೆಮನೆಯ ಬಾಗಿಲಿಗೆ ಎದುರಾಗಿ. ಅಂದು ಮಧ್ಯಾಹ್ನ ಅತ್ತೆ ಒಲೆಯ ಮೇಲೆ ಉಕ್ಕಿದ ಹಾಲನ್ನು ಒರೆಸುತ್ತ, ಅದನ್ನು ನೋಡಿಕೊಳ್ಳದ ಮಗನಿಗೆ ಚೆನ್ನಾಗಿ ಬೈಯುತ್ತಿದ್ದರು. ಉದ್ದ ಮೂಗು, ಗಂಟಿಕ್ಕಿದ ಹುಬ್ಬು, ಕೈಯಲ್ಲಿ ಸೌಟು. ಬೀದಿಯ ತರಕಾರಿಯವನು ಕೂಡ ಅವರೆದುರು ತಕ್ಕಡಿ ಹಿಡಿಯುವಾಗ ಮೈಯೆಲ್ಲಾ ಕಣ್ಣಾಗಿರುತ್ತಿದ್ದ. ಸೊಸೆಯ ಪೆನ್ಸಿಲು ತಾನಾಗಿ ಓಡಿತು. ಮೂಗು ಇನ್ನಷ್ಟು ಉದ್ದವಾಯಿತು, ಬೆನ್ನು ಇನ್ನಷ್ಟು ಬಾಗಿತು.

“ಇದಪ್ಪಾ ಮಾಟಗಾತಿ ಅಂದ್ರೆ” ಎಂದರು ಸಂಪಾದಕರು. ಯಾರನ್ನು ನೋಡಿ ಬರೆದೆ ಎಂದು ಅವರು ಕೇಳಲಿಲ್ಲ, ಇವಳೂ ಬಾಯಿ ಬಿಡಲಿಲ್ಲ. ಗಂಡನಿಗೂ ಹೇಳಲಿಲ್ಲ. ಅವನ ಬಾಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ. ಅಚ್ಚಾದ ಪ್ರತಿಗಳು ಮನೆಗೆ ಬಂದಾಗ ಬೀರುವಿನಲ್ಲಿ ಬಟ್ಟೆಗಳ ಅಡಿಯಲ್ಲಿಟ್ಟು ಉಸಿರು ಬಿಟ್ಟಳು.

ಆದರೆ ಅಂಗಡಿಗೆ ಹೋದ ಪುಸ್ತಕವನ್ನು ಯಾರು ಬಚ್ಚಿಡುತ್ತಾರೆ? ಒಂದು ಬೆಳಿಗ್ಗೆ ಅತ್ತೆ ಮೆಟ್ಟಿಲಿಳಿಯುತ್ತಿದ್ದಾಗ ಕೆಳಗಿನ ಮನೆಯ ಪುಟ್ಟ ಹುಡುಗಿ ಅವರನ್ನು ಕಂಡು ಕಿಟಾರನೆ ಕಿರುಚಿ ತಾಯಿಯ ಬೆನ್ನ ಹಿಂದೆ ಅವಿತಳು. “ಪುಸ್ತಕದ ಅಜ್ಜಿ ಬಂದ್ಲು, ನನ್ನ ಕೂಡಿಹಾಕ್ತಾಳೆ” ಎಂದು ಒಂದೇ ಅಳು. ತಾಯಿಗೆ ನಾಚಿಕೆಯಾಗಿ ಏನೇನೋ ತೊದಲಿದಳು. ಕೊನೆಗೆ ಪುಸ್ತಕವನ್ನೇ ತಂದು ತೋರಿಸಬೇಕಾಯಿತು.

ಅತ್ತೆ ಅದನ್ನು ಕೇಳಿ ತೆಗೆದುಕೊಂಡು ಮೇಲೆ ಬಂದರು. ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಆ ಪುಟವನ್ನೇ ನೋಡುತ್ತ ಉಳಿದರು. ಮೇಜಿನ ಬಳಿ ಸೊಸೆ ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಮತ್ತೆ ಕೆತ್ತುತ್ತಿದ್ದಳು. ಅತ್ತೆ ಏನೂ ಅನ್ನಲಿಲ್ಲ. ಇಡೀ ದಿನ ಅನ್ನಲಿಲ್ಲ. ಬೈಗುಳಕ್ಕೆ ಒಗ್ಗಿಹೋಗಿದ್ದ ಆ ಮನೆಗೆ ಆ ಮೌನ ತಡೆಯಲಾಗಲಿಲ್ಲ. “ಅಮ್ಮಂಗೆ ಮೈ ಹುಷಾರಿಲ್ವಾ?” ಎಂದು ಗಂಡ ಪಿಸುಗುಟ್ಟಿದ.

ಮರುದಿನ ಸೊಸೆ ತಾನೇ ಹೋಗಿ ಎದುರು ನಿಂತಳು. “ತಪ್ಪಾಯ್ತು ಅತ್ತೆ. ಅಚ್ಚಾಗಿಹೋಗಿದೆ, ಈಗ ವಾಪಸ್ ತರೋಕಾಗಲ್ಲ.”

“ಚಿತ್ರಕ್ಕೆ ನಾನೇನಾದ್ರೂ ಅಂದ್ನಾ? ಚೆನ್ನಾಗೇ ಇದೆ. ಕದ್ದು ಬರೆದೆಯಲ್ಲ, ಅದು ನೋವಾಯ್ತು. ಒಂದು ಮಾತು ಕೇಳಿದ್ರೆ ನಾನೇ ಬಂದು ಕೂರ್ತಿರಲಿಲ್ವಾ?”

ಅತ್ತೆಯನ್ನು ಏನನ್ನಾದರೂ ಕೇಳಬಹುದು ಎಂಬುದೇ ಸೊಸೆಗೆ ಹೊಳೆದಿರಲಿಲ್ಲ.

“ಆ ಮಗು ನನ್ನ ಕಂಡು ಅಳಬಾರ್ದು. ಮೊದಲು ಅದಕ್ಕೇನಾದ್ರೂ ಮಾಡ್ಬೇಕು” ಎಂದು ಅತ್ತೆ ಪುಸ್ತಕ ಹಿಡಿದು ಕೆಳಗಿಳಿದರು. ಮೆಟ್ಟಿಲ ಮೇಲೆ ಕೂತು ಮಾಟಗಾತಿಯ ಮಾತುಗಳನ್ನು ತಮ್ಮದೇ ಗಡಸು ದನಿಯಲ್ಲಿ ಓದತೊಡಗಿದರು. ಬಾಗಿಲ ಸಂದಿಯಿಂದ ಒಂದು ಕಣ್ಣು ಇಣುಕಿತು. ಅತ್ತೆ ಕಟ್ಟಿಸಿದ ಹಲ್ಲನ್ನು ತೆಗೆದು, ಬೊಚ್ಚು ಬಾಯಲ್ಲಿ ಅದೇ ಮಾತನ್ನು ಮತ್ತೆ ಹೇಳಿದರು. ಒಳಗಿಂದ ಕಿಸಕ್ಕೆಂದು ನಗು ಬಂತು. ವಾರ ಕಳೆಯುವುದರೊಳಗೆ ಹುಡುಗಿ ಅವರ ಮಂಡಿಗೆ ಒರಗಿ, “ಹಲ್ಲು ತೆಗಿ ಅಜ್ಜಿ, ಇನ್ನೊಂದ್ಸಲ” ಎಂದು ಅಪ್ಪಣೆ ಕೊಡುವಂತಾಯಿತು.

ಎಷ್ಟೋ ವರ್ಷಗಳ ನಂತರ ಬೇರೊಬ್ಬ ಪ್ರಕಾಶಕರು ಅದೇ ಕಥೆಯನ್ನು ಹೊಸದಾಗಿ ಬರೆಸಿದರು. ಇದರಲ್ಲಿ ಮಾಟಗಾತಿ ಕೆಟ್ಟವಳಲ್ಲ, ಒಂಟಿ ಮುದುಕಿ. ಮಕ್ಕಳಿಗೆ ಉಣ್ಣಲು ಕೊಟ್ಟು ದಾರಿ ತೋರಿಸುತ್ತಾಳೆ. ಈ ಸಲ ಸೊಸೆ ಮೊದಲೇ ಕೇಳಿದಳು.

“ಕೂಡಿಹಾಕಲ್ವಾ? ಬೆದರಿಸೋದೂ ಇಲ್ವಾ? ಮತ್ತೆ ಅವಳಿಗೇನು ಕೆಲಸ ಕಥೇಲಿ?” ಎಂದು ಅತ್ತೆ ಗೊಣಗಿದರು. ಗೊಣಗುತ್ತಲೇ ತಲೆ ಬಾಚಿಕೊಂಡು ಬಂದು ಕಿಟಕಿಯ ಪಕ್ಕ ಕೂತರು.

ಸುಮ್ಮನೆ ಕೂರುವುದು ಅವರಿಗೆ ಒಗ್ಗದ ಮಾತು. ನಾಲಿಗೆ ಆಡುತ್ತಲೇ ಇತ್ತು. ತವರಿನ ಬೀದಿ, ತಂಗಿಯ ಜೊತೆ ಜಡೆ ಎಳೆದಾಡಿದ್ದು, ಈ ಮನೆಗೆ ಬಂದ ಹೊಸದು. ಮಾತಿನ ನಡುವೆ ಸೊಸೆ, “ನಿಮ್ಮತ್ತೆ ನೋಡೋಕೆ ಹೇಗಿದ್ರು?” ಎಂದು ಕೇಳಿದಳು.

ಅತ್ತೆ ಯೋಚಿಸಿದರು. “ಮುಖ ನೆನಪೇ ಇಲ್ಲ ಕಣೇ. ತಲೆ ಎತ್ತಿ ನೋಡಿದ್ರೆ ತಾನೆ?”

ಸೊಸೆಯ ಪೆನ್ಸಿಲು ನಿಂತಿತು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು, ಗಡಸೆಲ್ಲ ಇಳಿದ ಮುಖದಲ್ಲಿ. ಅವಳು ಅದನ್ನೇ ಬರೆದಳು. ಎರಡನೆಯ ಪುಸ್ತಕದ ಮಾಟಗಾತಿ ಹಾಗೆಯೇ ಹೊಸ್ತಿಲಲ್ಲಿ ಕೂತು, ದೂರ ಹೋಗುತ್ತಿರುವ ಮಕ್ಕಳನ್ನು ನೋಡುತ್ತಾಳೆ. ಅತ್ತೆ ಒಂದು ಪ್ರತಿಯನ್ನು ತಂಗಿಗೆ ಕಳಿಸಿದರು. ಇನ್ನೊಂದನ್ನು ದಿಂಬಿನ ಬಳಿ ಇಟ್ಟುಕೊಂಡರು. ಆಮೇಲೆ ಹೆಚ್ಚು ಕಾಲ ಅವರು ಇರಲಿಲ್ಲ.

ಈಗ ಸೊಸೆಯ ಕೂದಲೂ ನೆರೆತಿದೆ. ಅದೇ ಕಥೆಯನ್ನು ಮೂರನೆಯ ಪ್ರಕಾಶಕರೊಬ್ಬರು ಮತ್ತೆ ಬರೆಸಿದ್ದಾರೆ. ಮಾಟಗಾತಿ ಒಳ್ಳೆಯವಳೋ ಕೆಟ್ಟವಳೋ ಎಂದು ಇವಳು ಫೋನಿನಲ್ಲಿ ಕೇಳಿದಾಗ, “ಎರಡೂ ಇದ್ರೆ ಒಳ್ಳೇದು ಮೇಡಂ, ಕಷ್ಟ ಆಗುತ್ತಾ?” ಎಂದರು ಅವರು.

“ಇಲ್ಲ ಇಲ್ಲ, ಅಂಥವರ ಜೊತೇಲೇ ಇದ್ದವಳು ನಾನು” ಎಂದು ಇವಳು ಫೋನ್ ಇಟ್ಟಳು. ಮರಗಳು ಮುಗಿದಿವೆ. ನಾಳೆಯಿಂದ ಗುಡಿಸಲು ಶುರುಮಾಡಬೇಕು.