ಮೂಗೂರಿನಲ್ಲಿ ಉಳಿದ ಗುರುಸಿದ್ದಮ್ಮ

ಗುರುಸಿದ್ದಮ್ಮನ ಕೈಯಲ್ಲಿ ಹುಟ್ಟಿದವರು ಮೂಗೂರಿನ ಬೀದಿ ಬೀದಿಯಲ್ಲೂ ಇದ್ದಾರೆ, ನಾನೂ ಅವರಲ್ಲೊಬ್ಬ. ಆಕೆ ನಮ್ಮೂರಿನ ಸರ್ಕಾರಿ ಸೂಲಗಿತ್ತಿ. ಊರು ಬಿಟ್ಟು ಹೋಗಬೇಕಾಗಿದ್ದವಳು ಉಳಿದದ್ದು ಹೇಗೆಂದು ನನ್ನ ತಾಯಿ ಹೇಳುತ್ತಿದ್ದಳು. ಪಟೇಲರ ಮನೆಯವರನ್ನೂ ಕೇಳಿ ಸರಿನೋಡಿಕೊಂಡು ಬರೆದಿದ್ದೇನೆ.

ಆಕೆಯ ತವರು ನಂಜನಗೂಡು ಸೀಮೆಯ ದೇವನೂರು. ಪ್ಲೇಗಿನ ವರ್ಷ ಗಂಡ ತೀರಿಕೊಂಡ. ಎಳೆ ಪ್ರಾಯದಲ್ಲೇ ಅಣ್ಣನ ಮನೆ ಸೇರಿ ರಾಗಿ ಬೀಸುತ್ತಿದ್ದಳು. ಹೆರಿಗೆ ಕೆಲಸ ಕಲಿಯುವ ಹೆಂಗಸರಿಗೆ ಸರ್ಕಾರ ಮೈಸೂರಿನಲ್ಲಿ ಊಟ ವಸತಿ ಕೊಟ್ಟು ಕಲಿಸುತ್ತದೆ ಎಂಬ ಸುದ್ದಿ ನಂಜನಗೂಡಿನ ಆಸ್ಪತ್ರೆಯಿಂದ ಬಂದಾಗ ಅಣ್ಣ ನಕ್ಕ.

"ಬಾಣಂತಿಗೆ ನೀರು ಉಯ್ಯಕ್ಕೆ ಮೈಸೂರ್‌ಗಂಟ ಓಗಿ ಕಲೀಬೇಕೇನವ್ವ?"

"ನಿನ್ ಮನೇಲಿ ರಾಗಿ ಬೀಸಾದ್ನ ನಂಗ್ಯಾರೂ ಕಲಿಸ್ಬೇಕಾಗಿಲ್ಲ ಕಣಣ್ಣ. ಅದ್ಕೇ ಓಯ್ತೀನಿ" ಎಂದು ಗಂಟು ಕಟ್ಟಿಕೊಂಡು ಹೊರಟಳು.

ಕಲಿತು ಮೂಗೂರಿಗೆ ಬಂದಾಗ ಮೊದಮೊದಲು ಯಾರೂ ಆಕೆಯನ್ನು ಹೊಸ್ತಿಲು ದಾಟಿಸಲಿಲ್ಲ. ಸರ್ಕಾರದವಳನ್ನು ಒಳಗೆ ಬಿಟ್ಟರೆ ಹುಟ್ಟಿದ ಕೂಸಿಗೂ ಕಂದಾಯ ಹಾಕುತ್ತಾರೆ ಎಂಬ ಮಾತು ಹಬ್ಬಿತ್ತು. ಗಾಡಿ ಹೊಡೆಯುವವನೊಬ್ಬನ ಹೆಂಡತಿ ಎರಡು ದಿನ ಬೇನೆ ತಿಂದು ಕಣ್ಣು ಮೇಲೆ ಮಾಡಿದಾಗ, ಬೇರೆ ದಾರಿ ಕಾಣದೆ ಕರೆದರು. ತಾಯಿ ಮಗು ಎರಡೂ ಉಳಿದವು. ಆಮೇಲೆ ಕರೆಗಳಿಗೆ ಬಿಡುವಿಲ್ಲ. ಆಕೆ ಕತ್ತರಿಯನ್ನು ಕುದಿಯುವ ನೀರಿಗೆ ಹಾಕಿ, ಮೊಣಕೈವರೆಗೆ ಸಾಬೂನು ತಿಕ್ಕಿಕೊಂಡ ಮೇಲೆಯೇ ಒಳಗೆ ಹೋಗುತ್ತಿದ್ದಳು. ಹೆಂಗಸರು ರೇಗಿಸುತ್ತಿದ್ದರು: "ಈವಮ್ಮ ಕೈ ತೊಳ್ಕಳಾ ಒತ್ಗೆ ಮಗ ನಡಿಯಾದ ಕಲ್ತಿರ್ತದೆ." ಆಕೆ ನಕ್ಕು ಇನ್ನೊಂದು ಸಲ ತೊಳೆದುಕೊಳ್ಳುತ್ತಿದ್ದಳು. ಊರಿನ ಮೇಲುಬೀದಿಯ ಪುಟ್ಟ ಮನೆ, ಹಿತ್ತಲಿನ ನುಗ್ಗೆಮರ, ಕಟ್ಟಿದ ಒಂದು ಹಸು, ಇಷ್ಟರಲ್ಲಿ ಆಕೆಗೆ ಯಾವ ಕೊರತೆಯೂ ಕಾಣಲಿಲ್ಲ. ದೇವನೂರಿನಿಂದ ಅಣ್ಣ ಕರೆಯಲು ಬಂದರೆ ಹೊಟ್ಟೆ ತುಂಬ ಉಣ್ಣಿಸಿ ವಾಪಸು ಕಳಿಸುತ್ತಿದ್ದಳು.

ಯೂರೋಪಿನ ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ಅಕ್ಕಿ ತುಟ್ಟಿ, ಬಟ್ಟೆ ತುಟ್ಟಿ, ಸರ್ಕಾರದ ಕೈಯೂ ಬಿಗಿ. ಎಲ್ಲೆಲ್ಲಿ ಖರ್ಚು ತಗ್ಗಿಸಬಹುದು ನೋಡಿ ಎಂದು ಮೇಲಿನಿಂದ ಹುಕುಂ ಬಂದು, ಜಮಾಬಂದಿಯ ಕಂದಾಯದ ಲೆಕ್ಕ ನೋಡಲು ಬಂದ ಸಾಹೇಬರೊಬ್ಬರು ನಮ್ಮೂರ ಚಾವಡಿಯಲ್ಲಿ ಕುಳಿತು ಒಂದೊಂದೇ ವಿಷಯ ವಿಚಾರಿಸಿದರು. ಕೆರೆ ಆಯಿತು, ರಸ್ತೆ ಆಯಿತು. ಆಮೇಲೆ, "ಈ ಊರಿನಲ್ಲಿ ಹೆರಿಗೆ ಕಷ್ಟವೇ? ಸತ್ತವರುಂಟೇ?" ಎಂದು ಕೇಳಿದರು.

ಚಾವಡಿಯಲ್ಲಿ ತುಂಬ ಗಂಡಸರಿದ್ದರು. ಎಲ್ಲರೂ ಪಟೇಲ್ ಪುಟ್ಟಬಸವಯ್ಯನವರ ಮುಖ ನೋಡಿದರು. ಪಟೇಲರ ಒಬ್ಬಳೇ ಮಗಳು ಮಂಗಳಗೌರಿಯನ್ನು ಹದಿನಾರು ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿತ್ತು. ಚೊಚ್ಚಲ ಬಸುರಿ ಎಂಬ ಸುದ್ದಿ ಆ ವಾರವಷ್ಟೇ ಬಂದಿತ್ತು. ಅಂಥ ಹೊತ್ತಿನಲ್ಲಿ ಬಾಣಂತಿಯ ಸಾವನ್ನು ನಾಲಿಗೆಗೆ ತರುವುದುಂಟೆ?

"ತಾಯಿ ತ್ರಿಪುರಸುಂದರಿ ದಯದಿಂದ ಎಲ್ರೂ ಸುಖವಾಗವ್ರೆ ಬುದ್ಧಿ. ಆ ಥರ ತೊಂದ್ರೆ ನಮ್ಮೂರಲ್ಲಿಲ್ಲ" ಎಂದರು ಪಟೇಲರು.

ಕೂತವರೆಲ್ಲ ತಲೆಯಾಡಿಸಿದರು. ಸಾಹೇಬರಿಗೂ ಸಂತೋಷವಾಯಿತು. ಬರೆದುಕೊಂಡು ಹೋದರು.

ನಾಲ್ಕು ತಿಂಗಳಿಗೆ ನರಸೀಪುರದ ಆಸ್ಪತ್ರೆಯ ಡಾಕ್ಟರು ಗುರುಸಿದ್ದಮ್ಮನನ್ನು ಕರೆಸಿ, ಮೂಗೂರಿನ ಸೂಲಗಿತ್ತಿ ಹುದ್ದೆಯನ್ನು ಜುಲೈಗೆ ಶುರುವಾಗುವ ಹೊಸ ಲೆಕ್ಕದ ವರ್ಷದಿಂದ ತೆಗೆಯುತ್ತಾರೆ ಎಂದು ತಿಳಿಸಿದರು. "ನಿಮ್ಮೂರಿನವರೇ ತೊಂದರೆ ಇಲ್ಲ ಅಂದರಂತೆ. ದುಡ್ಡಿಲ್ಲದ ಕಾಲ ಅಮ್ಮ. ತೊಂದರೆ ಇಲ್ಲದ ಕಡೆಯೇ ಮೊದಲು ಕೈ ಹಾಕುತ್ತಾರೆ. ಆಯವ್ಯಯಕ್ಕೆ ಇನ್ನೂ ತಾಲ್ಲೂಕು ಬೋರ್ಡು ಒಪ್ಪಬೇಕು. ಮುಂದಿನ ವಾರ ಸಭೆ."

ಬೋರ್ಡಿನಲ್ಲಿ ನಮ್ಮ ಪಟೇಲರೂ ಮೆಂಬರು. ಗುರುಸಿದ್ದಮ್ಮ ನೆಟ್ಟಗೆ ಅವರ ಮನೆಗೆ ಹೋದಳು. ಮಂಗಳಗೌರಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಪಟೇಲರು ಜಗುಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದರು.

"ಬನ್ನಿ ಗುರುಸಿದ್ದವ್ವ. ಮಗಳ ನೋಡಕ್ ಬಂದ್ರಾ?"

"ನೋಡಿ ಹೇಳಿ ಹೋಗಕ್ಕೆ ಬಂದೆ ಪಟೇಲ್ರೇ. ಹೆರಿಗೆ ಹೊತ್ಗೆ ನಾನಿರಾಕಿಲ್ಲ."

"ಯಾಕ್ರವ್ವ, ಎಲ್ಲಿಗ್ ಒಂಟ್ರಿ?"

"ನೀವು ಕಳಿಸ್ದ ಕಡೆಗೆ" ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು.

ಪಟೇಲರು ಎಲೆಯನ್ನು ಬಾಯಿಗೆ ಹಾಕಲಿಲ್ಲ. "ನಾನೇನಂದೆ? ಸುಖವಾಗವ್ರೆ ಅಂದೆ. ಕೆಟ್ಟದ್ದಂದ್ನಾ?"

"ಒಳ್ಳೇದೇ ಅಂದ್ರಿ. ಸುಖವಾಗಿರೋ ಊರ್ಗೆ ಸೂಲಗಿತ್ತಿ ಯಾಕೆ ಅಂತ ಅವ್ರು ಬರ್ಕೊಂಡ್ರು. ನಾನು ಬರಾಕ್ ಮುಂಚೆ ಇಲ್ಲಿ ಏನಾಗ್ತಿತ್ತು ಅನ್ನೋದ್ನ ಬೋರ್ಡಲ್ಲಿ ಎದ್ದು ಹೇಳಿ. ನಾನ್ ಕೇಳೋದು ಇಷ್ಟೇ."

ಬಾಗಿಲ ಬಳಿ ನಿಂತಿದ್ದ ಪಟೇಲರ ಹೆಂಡತಿ ಮಲ್ಲಾಜಮ್ಮ ಮುಂದೆ ಬಂದರು. "ಬ್ಯಾಡಿ ಕಣ್ರವ್ವ. ತುಂಬಿದ ಬಸ್ರೀನ ಮನೇಲಿ ಮಡಿಕಂಡು ಸಾವಿನ ಮಾತ ಅವ್ರ ಬಾಯಲ್ಲಿ ಆಡಿಸ್ಬ್ಯಾಡಿ. ಅಸ್ತು ದ್ಯಾವತೆಗೋಳು ಕೇಳಿಸ್ಕಂಡು ಆಗ್ಲಿ ಅಂದ್ಬುಟ್ರೆ ಏನ್ ಗತಿ?"

ಒಳಗಿನಿಂದ ಮಂಗಳಗೌರಿಯ ದನಿ ಬಂತು. "ಅವ್ವ, ಅಪ್ಪಾಜಿ ಏಳ್ನಿಲ್ಲ ಅಂದ್ರೆ ಗುರುಸಿದ್ದವ್ವ ಓಯ್ತಾರೆ. ಆಮೇಲೆ ಅಸ್ತು ದ್ಯಾವತೆಗೋಳು ಬಂದು ನನ್ ಎರಿಗೆ ಮಾಡ್ತಾರಾ?"

"ನೋಡ್ರವ್ವ ಇವಳ ನಾಲ್ಗೆಯ. ಅದಿನಾರಲ್ಲಿ ಕಲ್ತು ಬಂದವ್ಳೆ" ಎಂದರು ಮಲ್ಲಾಜಮ್ಮ. ನಗುವೂ ಬಂತು, ಕಣ್ಣೂ ತುಂಬಿತು.

ಪಟೇಲರು ಸುಣ್ಣ ಸವರಿದ ಎಲೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಹೋದರು.

ಸಭೆಯ ದಿನ ಬೆಳಿಗ್ಗೆ ಅವರ ಗಾಡಿ ಮೇಲುಬೀದಿಗೆ ಬಂದು ನಿಂತಿತು. ಗುರುಸಿದ್ದಮ್ಮ ಹತ್ತಿ ಕೂತಳು. ನರಸೀಪುರ ತಲುಪುವವರೆಗೆ ಪಟೇಲರು ಎತ್ತುಗಳ ಜೊತೆ ಬಿಟ್ಟು ಮತ್ಯಾರ ಜೊತೆಯೂ ಮಾತಾಡಲಿಲ್ಲ. ಕಚೇರಿಯಲ್ಲಿ ಬೋರ್ಡಿನವರು ಒಳಗೆ ಕೂತರು. ಆಕೆ ಹೊರಗೆ ಜಗುಲಿಯಲ್ಲಿ, ಮಾತು ಕೇಳಿಸುವ ಕಿಟಕಿಯ ಕೆಳಗೆ.

ಅಧ್ಯಕ್ಷರಾದ ಅಮಲ್ದಾರರು ಒಂದೊಂದೇ ಬಾಬನ್ನು ಓದಿ ಒಪ್ಪಿಗೆ ಪಡೆಯುತ್ತಾ ಬಂದರು. "ಮೂಗೂರಿನ ಸೂಲಗಿತ್ತಿ ಹುದ್ದೆ, ರದ್ದು. ಪಟೇಲರೇ, ಒಪ್ಪಿಗೆ ತಾನೆ?"

ಪಟೇಲರು ಎದ್ದು ನಿಂತರು. "ಒಪ್ಗೆ ಇಲ್ಲ ಬುದ್ಧಿ. ನಾನು ಸಾಯೇಬ್ರಿಗೆ ಅರ್ಧ ಮಾತೇಳಿದ್ದೆ."

"ಇನ್ನರ್ಧ ಏನು?"

"ನಮ್ಮಕ್ಕ ಚನ್ನಾಜಮ್ಮ ಅಂತ ಇದ್ಲು. ಎರಿಗೆಗೆ ತವರಿಗೆ ಬಂದ್ಲು. ಮಗೀನೂ ಜೊತೇಲೇ ಕರ್ಕಂಡು ಒಂಟೋದ್ಲು. ಆ ಕೋಣೆ ಬಾಗ್ಲಲ್ಲಿ ನಾನು ನಿಂತಿದ್ದೆ. ಅವತ್ನಿಂದ ನಮ್ಮನೇಲಿ ಅವಳ ಎಸ್ರ ಯಾರೂ ಎತ್ತಿಲ್ಲ. ಅಂಥ ಎಸ್ರು ನಮ್ಮೂರಲ್ಲಿ ಮನಮನೇಲೂ ಅವೆ. ಈವಮ್ಮ ಬಂದ್ಮೇಲೆ ಒಸ ಎಸ್ರು ಸೇರಿಲ್ಲ. ಅದ್ಕೇ ಸುಖವಾಗವ್ರೆ ಅಂದಿದ್ದು."

ಒಬ್ಬಿಬ್ಬರು ಕೆಮ್ಮಿದರು. ಇಂಥ ಮಾತನ್ನು ಗಂಡಸರ ನಡುವೆ ಯಾರೂ ಆಡಿದವರಲ್ಲ. ಕೊನೆಗೆ ಕೆಂಪಯ್ಯನೆಂಬ ಮೆಂಬರು ಬಾಯಿ ಬಿಟ್ಟ. ಆತ ಹೊಳೆದಂಡೆಯ ಹಳ್ಳಿಯವನು, ಲೆಕ್ಕದಲ್ಲಿ ಗಟ್ಟಿಗ.

"ಪಟೇಲ್ರು ಏಳಾದು ಸರಿಯೇ ಬುದ್ಧಿ. ಕಾಸು ಎಲ್ಲಿ ಅದೆ? ಮೂಗೂರು ಚಾವಡಿ ಎಂಚಿಗೆ ಅಂತ ದುಡ್ಡು ಇದ್ರಲ್ಲೇ ಬರದದೆ. ಅದ ಬುಟ್‌ಕೊಡ್ತಾರಾ ಕೇಳಿ. ಸೋರ್ತದೆ ಸೋರ್ತದೆ ಅಂತ ಮೂರೊರ್ಸದಿಂದ ನಮ್ ಕಿವಿ ತಿಂದವ್ರೆ."

"ಬುಟ್ಟೆ" ಎಂದರು ಪಟೇಲರು. "ಸೋರ್ಲಿ. ನಾವು ಗಂಡಸ್ರು, ನೆಂದ್ರೆ ಒಣಗ್ತೀವಿ."

ಸಭೆಯೆಲ್ಲ ನಕ್ಕಿತು. ಕೆಂಪಯ್ಯನೂ ನಕ್ಕು ಕೈ ಎತ್ತಿದ. ಅಮಲ್ದಾರರು ಹೆಂಚಿನ ಬಾಬನ್ನು ಹೊಡೆದುಹಾಕಿ, ಹುದ್ದೆ ಇರಲಿ ಎಂದು ಬರೆದರು. "ಆದರೆ ಒಂದು ವರ್ಷಕ್ಕೆ ಮಾತ್ರ ಪಟೇಲರೇ. ಬರುವ ವರ್ಷ ಮತ್ತೆ ಎದ್ದು ಕೇಳಬೇಕು."

ವಾಪಸು ಬರುವಾಗ ಪಟೇಲರು ಸಪ್ಪಗಿದ್ದರು. "ಆ ಎಸ್ರ ಏಳ್ಬುಟ್ಟೆ ಗುರುಸಿದ್ದವ್ವ."

"ಒಳ್ಳೇದಾಯ್ತು. ಇಷ್ಟು ವರ್ಷ ಈ ಊರಲ್ಲಿದ್ರೂ ನನಗದು ಗೊತ್ತಿರ್ಲಿಲ್ಲ. ನಿಮ್ಮ ಮಗಳು ಮೈಕಟ್ಟಿನಲ್ಲಿ ನಿಮ್ಮಕ್ಕನ ಥರಾನೇ?"

"ಅಚ್ಚು ಅವಳೇ. ಸಣ್ಣ ಸೊಂಟ."

ಗುರುಸಿದ್ದಮ್ಮ ಮಾರನೆಯ ದಿನವೇ ಮಂಗಳಗೌರಿಯನ್ನು ಮತ್ತೆ ಮುಟ್ಟಿ ನೋಡಿ, ಡಾಕ್ಟರಿಗೆ ಮುಂಚಿತವಾಗಿ ಹೇಳಿಟ್ಟಳು. ಸಭೆ ಮುಗಿಸಿ ಪಟೇಲರು ಮನೆಗೆ ಬಂದ ಆ ಸಂಜೆ ಮಲ್ಲಾಜಮ್ಮ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಮನೆಯವರೆಲ್ಲ ಕೆಮ್ಮಿದರು.

ಶ್ರಾವಣದಲ್ಲಿ ಹೆರಿಗೆಯಾಯಿತು. ಸುಲಭದ್ದಲ್ಲ. ಡಾಕ್ಟರ ಗಾಡಿ ಬಂದು ಅಂಗಳದಲ್ಲಿ ನಿಂತಿತ್ತು. ಅವರನ್ನು ಒಳಗೆ ಕರೆಯುವ ಪ್ರಮೇಯ ಬರಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಂಡು ಮಗು ಅತ್ತಿತು, ತಾಯಿ ನೀರು ಕೇಳಿದಳು.

"ತಾಯಿ ತ್ರಿಪುರಸುಂದರಿಗೆ ಸೀರೆ ಒಪ್ಪಿಸ್ತೀನಿ ಅಂತ ಅರಕೆ ಕಟ್ಕಂಡಿದ್ದೆ. ಅವಳೇ ಉಳಿಸ್ಕೊಟ್ಲು" ಎಂದರು ಮಲ್ಲಾಜಮ್ಮ, ಮೊಮ್ಮಗನನ್ನು ಎತ್ತಿಕೊಂಡು.

"ಸೀರೆ ಅವಳ್ಗೇ ಕೊಡಿ. ಮುಂದಿನ ವರ್ಷ ಯಜಮಾನ್ರನ್ನ ಮಾತ್ರ ಮರೀದೆ ಬೋರ್ಡಿಗೆ ಕಳಿಸಿ" ಎಂದಳು ಗುರುಸಿದ್ದಮ್ಮ, ಕೈ ತೊಳೆಯುತ್ತಾ.

ಮರೆಯದೆ ಕಳಿಸಿದರು. ಆಯವ್ಯಯದ ಹೊತ್ತು ಬಂತೆಂದರೆ ಪಟೇಲರು ಹೋಗಿ ಅಕ್ಕನ ಹೆಸರು ಹೇಳಿ ಬರುವುದು, ಮಲ್ಲಾಜಮ್ಮ ಉಪ್ಪು ಮೆಣಸಿನಕಾಯಿ ಹಿಡಿದು ಕಾಯುವುದು ನಮ್ಮೂರಲ್ಲಿ ಪ್ರತಿ ವರ್ಷದ ಕೆಲಸವಾಯಿತು. ಬೇರೆ ಬೇರೆ ಅಮಲ್ದಾರರು ಬಂದರು. ಒಬ್ಬರು ಕೈ ಸಡಿಲ ಬಿಟ್ಟರು, ಒಬ್ಬರು ಬಿಗಿ ಹಿಡಿದರು. ಬಿಗಿ ಹಿಡಿದವರ ಕಾಲದಲ್ಲಿ ಪಟೇಲರು ಮಾತನ್ನು ಸ್ವಲ್ಪ ಉದ್ದ ಮಾಡುತ್ತಿದ್ದರು. ಮೂರನೆಯ ವರ್ಷ ಕೆಂಪಯ್ಯನೇ ಎದ್ದು, ತನ್ನ ಸೊಸೆಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಿದ್ದನ್ನು ಹೇಳಿ ತನ್ನೂರಿಗೂ ಒಬ್ಬ ಸೂಲಗಿತ್ತಿ ಬೇಕೆಂದ.

ಅಲ್ಲಿಗೆ ಸೂಲಗಿತ್ತಿಯಾಗಿ ಬಂದ ಹೊಸ ಹುಡುಗಿ ಗುರುಸಿದ್ದಮ್ಮನನ್ನು ನೋಡಲು ಮೂಗೂರಿಗೆ ಬಂದಿದ್ದಳು. ಬುದ್ಧಿವಾದ ಕೇಳಿದ್ದಕ್ಕೆ ಗುರುಸಿದ್ದಮ್ಮ ಹೇಳಿದಳು: "ಕೈ ಚೆನ್ನಾಗ್ ತೊಳ್ಕೋ. ಆಮೇಲೆ ಕೆಂಪಯ್ಯನವರ ಮನೆ ಹೆಂಗಸರ ಸ್ನೇಹ ಮಾಡು. ನಿನ್ ಸಂಬಳ ಖಜಾನೆಯಿಂದ ಬರ್ತದೆ ಅಂದ್ಕೊಂಡಿದ್ದೀಯ, ಅದು ಆ ಅಡಿಗೆ ಮನೆಯಿಂದ ಒಂಟು ಖಜಾನೆಗೆ ಓಗಿ ಬರ್ತದೆ ಕಣವ್ವ."

ಹುಡುಗಿಗೆ ನುಗ್ಗೇಕಾಯಿ ಕಟ್ಟಿಕೊಟ್ಟು ಗಾಡಿ ಹತ್ತಿಸಿ, ಕೆಳಬೀದಿಯಿಂದ ಕರೆ ಬಂದಿದೆ ಎಂದು ಆಕೆ ಚೀಲ ಹಿಡಿದು ಹೊರಟಳು.