ಲೈನಿಂಗ್ ಬಟ್ಟೆಯ ಫ್ರಾಕು

ಸಿದ್ಧ ಉಡುಪಿನ ಕಾರ್ಖಾನೆಯ ಮಕ್ಕಳ ಕೋಣೆಯ ಆಯಾಗೆ ಬೆನ್ನ ಹಿಂದೆ ಎಲ್ಲರೂ ಇಟ್ಟ ಹೆಸರು ಮೆಣಸಿನಕಾಯಿ. ಅದು ಆಕೆಗೂ ಗೊತ್ತಿತ್ತು, ಬೇಜಾರಿರಲಿಲ್ಲ. ಹದಿನೆಂಟು ವರ್ಷ ಹೊಲಿಗೆ ತಪಾಸಣೆ ಮಾಡಿ, ಕಣ್ಣು ಮಂಜಾದ ಮೇಲೆ ಈ ಕೋಣೆಗೆ ಬಂದವಳು. ಆಗ ಸೊಟ್ಟ ಹೊಲಿಗೆ ಕಂಡರೆ ಹೊಲಿದವಳ ಮುಖಕ್ಕೇ ಬಟ್ಟೆ ಎಸೆಯುತ್ತಿದ್ದಳು. ಕೂಸುಗಳ ಮುಂದೆ ಮಾತ್ರ ದನಿ ಇಳಿಯುತ್ತಿತ್ತು. ತಾಯಂದಿರಿಗೆ ಆ ರಿಯಾಯಿತಿ ಇರಲಿಲ್ಲ.

ಆ ಬೇಸಿಗೆಯಲ್ಲಿ ಒಂದು ದಿನ ಮಧ್ಯಾಹ್ನ ಕಾಲರ್ ಹೊಲಿಯುವವಳು ತನ್ನ ಎಂಟು ತಿಂಗಳ ಮಗುವನ್ನೆತ್ತಿಕೊಂಡು, ಸೂಪರ್‌ವೈಸರನ್ನೂ ಕರೆದುಕೊಂಡು ಬಾಗಿಲಲ್ಲಿ ನಿಂತಳು.

"ನೋಡಿ ಸಾರ್, ಮೈಯೆಲ್ಲಾ ಕೆಂಪು ಗುಳ್ಳೆ. ಈ ಮುದುಕಿ ಏನೋ ರೋಗ ಅಂಟಿಸಿದಾಳೆ."

"ಅಂಟುರೋಗ ಅಂತಾದ್ರೆ ನಾಳೆಯಿಂದ ನೀವು ಬರೋದೇ ಬೇಡಮ್ಮ," ಎಂದು ಸೂಪರ್‌ವೈಸರ್ ಆಯಾಗೆ ಹೇಳಿದ.

ಈ ಕೋಣೆ ಬಿಟ್ಟರೆ ಆಕೆಗೆ ಬೇರೆ ಅನ್ನದ ದಾರಿಯಿರಲಿಲ್ಲ. ಆದರೆ ಹೆದರಿದಾಗಲೂ ಆಕೆಗೆ ಬರುತ್ತಿದ್ದುದು ಸಿಟ್ಟೇ.

"ಕೊಡು ಇಲ್ಲಿ ಕೂಸನ್ನ."

ಹಣೆ ಮುಟ್ಟಿದಳು, ತಣ್ಣಗಿತ್ತು. ಫ್ರಾಕಿನೊಳಗೆ ಬೆರಳಾಡಿಸಿದಳು. ಕುತ್ತಿಗೆಯ ಮಡಿಕೆಯಲ್ಲಿ, ಬೆನ್ನ ಮೇಲೆ ರವೆಯಂಥ ಸಣ್ಣ ಗುಳ್ಳೆಗಳು. ಬಟ್ಟೆ ಜಾರುತ್ತಿತ್ತು: ಕೋಟಿನ ಒಳಗೆ ಹಾಕುವ ಲೈನಿಂಗ್, ಕತ್ತರಿಸಿ ಉಳಿದ ತುಂಡು.

"ಜ್ವರ ಇಲ್ಲ, ಕೀವಿಲ್ಲ, ಹಾಲು ಚೆನ್ನಾಗೇ ಕುಡಿದಿದೆ. ಬೆವರುಸಾಲೆ ಕಣೇ ಇದು! ಇಂಥಾ ಬಟ್ಟೇಲಿ ಸುತ್ತಿದ್ರೆ ಬೆವರು ಎಲ್ಲಿಗೆ ಹೋಗ್ಬೇಕು? ಮೇಲೆ ಪೌಡರ್ ಬೇರೆ, ಗಾರೆ ಮೆತ್ತಿದ ಹಾಗೆ."

"ನಾನೇ ಕೈಯಾರೆ ಹೊಲಿದಿದ್ದು ಅದು! ನೀನು ತಪಾಸಣೇಲಿದ್ದಾಗ್ಲೂ ನಾನು ಹೊಲಿದಿದ್ದೆಲ್ಲಾ ವಾಪಸ್ ಎಸೀತಿದ್ದೆ. ಹೊಟ್ಟೆಕಿಚ್ಚು ನಿಂಗೆ."

ಆಯಾ ಫ್ರಾಕು ಬಿಚ್ಚಿ, ಮಗುವನ್ನು ಬೋರಲು ಮಲಗಿಸಿ, ಅದೇ ಫ್ರಾಕನ್ನು ಬೆನ್ನ ಮೇಲೆ ಹಿಡಿದಳು.

"ನೋಡು. ಕತ್ತಿನ ಹೊಲಿಗೆ ಎಲ್ಲಿ ಮುಗಿಯುತ್ತೋ ಗುಳ್ಳೆನೂ ಅಲ್ಲಿಗೇ ಮುಗಿದಿದೆ. ತೋಳಲ್ಲೂ ಅಷ್ಟೇ. ಬೇಕಾದ್ರೆ ಟೇಪ್ ಹಿಡಿದು ಅಳೆ. ಅಂಟುರೋಗ ನಿನ್ನ ಅಳತೆ ತಗೊಂಡು ಬಂತಾ?"

ತಾಯಿಯ ಬೆರಳು ತಾನಾಗಿ ಮಗುವಿನ ಮೈಮೇಲಿನ ಆ ಗೆರೆಯುದ್ದಕ್ಕೂ ಹರಿಯಿತು. ಅದು ತನ್ನದೇ ಹೊಲಿಗೆ. ಮುಖ ಕಪ್ಪಿಟ್ಟಿತು.

"ಮೂರು ದಿನ ನೋಡ್ತೀನಿ," ಎಂದು ಸೂಪರ್‌ವೈಸರ್ ಹೊರಟ.

"ಎಣ್ಣೆ ಬೇಡ, ಪೌಡರ್ ಬೇಡ," ಎಂದು ಆಯಾ ಹೊರಟ ತಾಯಿಯ ಬೆನ್ನಿಗೆ ಕೂಗಿದಳು. "ತಣ್ಣೀರಲ್ಲಿ ಮೈ ತೊಳೆದು ಒತ್ತಿ ಒರೆಸು, ಉಜ್ಜಬೇಡ. ಸಡಿಲ ಹತ್ತಿ ಬಟ್ಟೆ ಹಾಕು. ಜ್ವರ ಬಂದ್ರೆ, ಕೀವಾದ್ರೆ, ಮೂರು ದಿನಕ್ಕೂ ಇಳೀದೇ ಇದ್ರೆ ಡಾಕ್ಟರ್ ಹತ್ರ ಓಡು. ನನ್ನ ಹತ್ರ ಕಿರುಚೋಕೆ ಬರಬೇಡ!"

ಮೂರು ದಿನವೂ ಮಗುವನ್ನು ಕಿಟಕಿಯ ಪಕ್ಕ ಬರಿಮೈಯಲ್ಲಿ ಆಡಿಸಿದಳು. ಗಂಟೆಗೊಮ್ಮೆ ಬೆನ್ನು ಸವರಿ ನೋಡಿದಳು, ತನ್ನ ಕೆಲಸ ಉಳಿಯುವುದೋ ಇಲ್ಲವೋ ಅಲ್ಲೇ ಬರೆದಿದೆಯೆಂಬಂತೆ. ನಾಲ್ಕನೆಯ ಬೆಳಿಗ್ಗೆ ಬೆನ್ನು ನುಣುಪಾಗಿತ್ತು. ಸೂಪರ್‌ವೈಸರ್ ಇಣುಕಿ ನೋಡಿ, ತಲೆಯಾಡಿಸಿ ಹೋದ.

ತಾಯಿ ಗಂಡನ ಹಳೆಯ ಹತ್ತಿ ಅಂಗಿ ಕತ್ತರಿಸಿ ಹೊಲಿದ ಪುಟ್ಟ ಜುಬ್ಬವೊಂದನ್ನು ಮೇಜಿನ ಮೇಲೆ ಎಸೆದಳು. ಆಯಾ ಅದರ ಒಳಗೆ ಕೈ ಹಾಕಿದಳು. ಕೂಸಿನ ಮೈಗೆ ಒತ್ತದಂತೆ ತಾಯಿ ಹೊಲಿಗೆಯ ಅಂಚುಗಳನ್ನೆಲ್ಲ ಹೊರಗೆ ಬಿಟ್ಟಿದ್ದಳು.

"ಸೊಟ್ಟ ಇದೆ," ಎಂದಳು ಆಯಾ.

"ಕಣ್ಣೇ ಕಾಣ್ದವಳಿಗೆ ಸೊಟ್ಟ ಎಲ್ಲಿ ಕಾಣ್ತು?" ಎಂದು ಅವಳು ದಡದಡ ಹೊರಟುಹೋದಳು.

ಸೊಟ್ಟ ಇರಲಿಲ್ಲ. ಆಯಾ ಇನ್ನೊಮ್ಮೆ ಹೊಲಿಗೆಯನ್ನು ಸವರಿದಳು. ಅವಳು ಹೊಲಿದದ್ದನ್ನು ಮೊದಲ ಸಲ ವಾಪಸ್ ಎಸೆಯದೆ, ಕೂಸಿಗೆ ತೊಡಿಸಿದಳು.